ಮೆಡಿಕಲ್ ಮುಗಿದಿತ್ತು, ವಿಮಾನ ಹಾರಿತ್ತು: ವಿಮೆ ಸಿಗುತ್ತಾ?

ಈ ಸಲ ಬಂದ ಪ್ರಶ್ನೆಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ. ಪೈಲಟ್‌ನ ಮೆಡಿಕಲ್ ಸರ್ಟಿಫಿಕೇಟೋ (ಹಾರಿಸಲು ಆರೋಗ್ಯ ಸರಿಯಿದೆ ಅನ್ನುವ ಕಾಗದ), ಫ್ಲೈಟ್ ರಿವ್ಯೂವೋ (ಇನ್ಸ್ಟ್ರಕ್ಟರ್ ಜೊತೆ ಆಗಾಗ ಮಾಡಬೇಕಾದ ಮರುಪರಿಶೀಲನೆ) ಅವಧಿ ಮೀರಿದ್ದರೆ ವಿಮಾನದ ಇನ್ಶೂರೆನ್ಸ್ ಗತಿ ಏನು? ಕೇಳಿದವರೆಲ್ಲ ಅಮೆರಿಕದಲ್ಲಿ ಸ್ವಂತಕ್ಕೋ, ಪಾಲುದಾರಿಕೆಯಲ್ಲೋ ಸಣ್ಣ ವಿಮಾನ ಇಟ್ಟುಕೊಂಡವರು. ಹಾಗಾಗಿ ಉತ್ತರಗಳೂ ಅಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮ ಹಿಡಿದೇ ಇವೆ.

ಪ್ರಶ್ನೆ: ಸರ್, ನನ್ನ ಥರ್ಡ್ ಕ್ಲಾಸ್ ಮೆಡಿಕಲ್ (ಸ್ವಂತಕ್ಕೆ ಹಾರಿಸುವವರ ದರ್ಜೆಯದು) ಕಳೆದ ತಿಂಗಳ ಕೊನೆಗೆ ಮುಗಿದಿತ್ತು, ನಾನು ಗಮನಿಸಲೇ ಇಲ್ಲ. ಈ ತಿಂಗಳು ಒಂದು ಸುತ್ತು ಹಾರಿಸಿಯೂ ಬಂದೆ. ಏನೂ ಆಗಲಿಲ್ಲ, ಆದರೆ ಈಗ ಎದೆ ಢವಢವ ಅಂತಿದೆ. ಆ ದಿನ ನನ್ನ ಪಾಲಿಸಿ ರದ್ದಾಗಿತ್ತಾ?

ಉತ್ತರ: ಪಾಲಿಸಿ ರದ್ದಾಗಿರಲಿಲ್ಲ. ಆದರೆ ಆ ಹಾರಾಟಕ್ಕೆ ಅದರ ರಕ್ಷಣೆ ಇತ್ತಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲ ಅಂತಲೇ. ಈ ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ನೀವು ಪ್ರೀಮಿಯಂ ಕಟ್ಟಿದ್ದೀರಿ, ಪಾಲಿಸಿ ಚಾಲ್ತಿಯಲ್ಲಿದೆ, ಮೆಡಿಕಲ್ ಮಾಡಿಸಿಕೊಂಡ ಮರುದಿನದಿಂದ ಮತ್ತೆ ಎಲ್ಲ ಮೊದಲಿನಂತೆಯೇ. ನಡುವೆ ಆದ ಆ ಒಂದು ಹಾರಾಟ ಮಾತ್ರ ಛತ್ರಿಯ ಹೊರಗೆ ಉಳಿಯಿತು.

ಪಾಲಿಸಿಯಲ್ಲಿ ಪೈಲಟ್ ಬಗ್ಗೆ ಒಂದು ಷರತ್ತು ಇರುತ್ತದೆ. ಮೊದಲ ಪುಟದಲ್ಲೋ, ಹಿಂದೆ ಅಂಟಿಸಿದ ಹಾಳೆಯಲ್ಲೋ ಇರುತ್ತದೆ, ಹುಡುಕಿ. ಅಲ್ಲಿ ಒಂದೋ ನಿಮ್ಮ ಹೆಸರು ಇರುತ್ತದೆ, ಇಲ್ಲವೇ 'ಇಷ್ಟು ಗಂಟೆ ಹಾರಿದ, ಈ ಮಾದರಿಯಲ್ಲಿ ಇಷ್ಟು ಅನುಭವ ಇರುವ ಯಾವುದೇ ಪೈಲಟ್' ಅಂತ ಇರುತ್ತದೆ. ಈ ಎರಡನೆಯದನ್ನು ಓಪನ್ ಪೈಲಟ್ ಷರತ್ತು ಅನ್ನುತ್ತಾರೆ. ಹೆಸರು ಬರೆದಿದ್ದಾರಲ್ಲ, ಇನ್ನೇನು ತಲೆನೋವು ಅಂತ ಅನೇಕರು ಆರಾಮಾಗಿ ಇದ್ದುಬಿಡುತ್ತಾರೆ. ಆದರೆ ಹೆಸರಿನ ಹಿಂದೆಯೇ ಇನ್ನೊಂದು ಸಾಲು ಇರುತ್ತದೆ: ಆ ಹಾರಾಟಕ್ಕೆ ಬೇಕಾದ ಲೈಸೆನ್ಸು, ರೇಟಿಂಗು (ಆ ಬಗೆಯ ವಿಮಾನಕ್ಕೋ ಹಾರಾಟಕ್ಕೋ ಬೇಕಾದ ಹೆಚ್ಚುವರಿ ಅರ್ಹತೆ), ಚಾಲ್ತಿಯಲ್ಲಿರುವ ಮೆಡಿಕಲ್, ಫ್ಲೈಟ್ ರಿವ್ಯೂ ಇದ್ದರೆ ಮಾತ್ರ. ಹೆಸರು ಇದ್ದವರಿಗೆ ಗಂಟೆಗಳ ಲೆಕ್ಕದಿಂದ ವಿನಾಯಿತಿ ಸಿಗಬಹುದು, ಮೆಡಿಕಲ್‌ನಿಂದ ಸಿಗುವುದಿಲ್ಲ.

ಈ ಸಾಲು ಎಲ್ಲ ಕಂಪನಿಯಲ್ಲೂ ಒಂದೇ ಥರ ಇರಲ್ಲ. ಕೆಲವರು ಮೆಡಿಕಲ್ ಅಂತ ಹೆಸರು ಹಿಡಿದು ಬರೆಯುತ್ತಾರೆ, ಫ್ಲೈಟ್ ರಿವ್ಯೂ ಮಾತೇ ಎತ್ತುವುದಿಲ್ಲ. ಕೆಲವರು ಎರಡನ್ನೂ ಬರೆಯುತ್ತಾರೆ. ಇನ್ನು ಕೆಲವರು 'ಎಫ್‌ಎಎ ನಿಯಮದ ಪ್ರಕಾರ ಆ ಹಾರಾಟಕ್ಕೆ ಅರ್ಹನಾಗಿರಬೇಕು' ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಈ ಕೊನೆಯದು ನೋಡಲು ಸೌಮ್ಯ, ಆದರೆ ಬಲೆ ಎಲ್ಲಕ್ಕಿಂತ ದೊಡ್ಡದು. 90 ದಿನದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಮಾಡದೆ ಪಕ್ಕದಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡರೂ ನೀವು ಆ ಹಾರಾಟಕ್ಕೆ ಅರ್ಹರಲ್ಲ, ಅಲ್ವಾ? ಒಬ್ಬರೇ ಹೋಗಿದ್ದರೆ ಆ ತಕರಾರು ಇರುತ್ತಿರಲಿಲ್ಲ.

ಇನ್ನೊಂದು. ಷರತ್ತು ಮುರಿದರೆ ವಿಮಾನದ ರಿಪೇರಿ ಹಣ ಮಾತ್ರ ಹೋಗುತ್ತದೆ ಅಂದುಕೊಳ್ಳಬೇಡಿ. ಬೇರೆಯವರಿಗೆ ಗಾಯವಾದರೆ, ಆಸ್ತಿ ಹಾಳಾದರೆ ಕಂಪನಿ ನಿಮ್ಮ ಪರವಾಗಿ ಕೊಡಬೇಕಾದ ಪರಿಹಾರ, ನಿಮಗೆ ಇಟ್ಟುಕೊಡಬೇಕಾದ ವಕೀಲ, ಅದೂ ಅನುಮಾನಕ್ಕೆ ಬೀಳುತ್ತದೆ. ರೆಕ್ಕೆ ಮುರಿದರೆ ಹೇಗೋ ಸಾಲ ಸೋಲ ಮಾಡಿ ಸರಿಮಾಡಿಸಬಹುದು. ಪ್ರಯಾಣಿಕರ ಮನೆಯವರು ಕೋರ್ಟಿಗೆ ಹೋದರೆ ಮನೆ ಮಠ ಎರಡೂ ಹೋದೀತು.

ಪ್ರಶ್ನೆ: ಅವಧಿ ಯಾವ ದಿನ ಮುಗಿಯುತ್ತದೆ ಅನ್ನೋದೇ ನನಗೆ ಪ್ರತಿ ಸಲ ಗೊಂದಲ. ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಖಂಡಿತ. ಎಷ್ಟೋ ಕ್ಲೇಮುಗಳು ಸಿಕ್ಕಿಹಾಕಿಕೊಳ್ಳುವುದು ಈ ಲೆಕ್ಕದಲ್ಲೇ.

ಥರ್ಡ್ ಕ್ಲಾಸ್ ಮೆಡಿಕಲ್: ಪರೀಕ್ಷೆಯ ದಿನ ನಿಮಗೆ 40 ತುಂಬಿರದಿದ್ದರೆ 60 ತಿಂಗಳು, ತುಂಬಿದ್ದರೆ 24 ತಿಂಗಳು. ವಯಸ್ಸು ನೋಡುವುದು ಪರೀಕ್ಷೆಯ ದಿನದ್ದು, ಹಾರುವ ದಿನದ್ದಲ್ಲ. 39ರಲ್ಲಿ ಮಾಡಿಸಿದವರು 40 ದಾಟಿದ ಕೂಡಲೇ ಗಾಬರಿ ಆಗಬೇಕಿಲ್ಲ. ಲೆಕ್ಕ ತಿಂಗಳ ಕೊನೆಯವರೆಗೆ: 2024ರ ಮಾರ್ಚ್ 3ಕ್ಕೆ, 45ನೇ ವಯಸ್ಸಿನಲ್ಲಿ ಮಾಡಿಸಿದ್ದರೆ 2026ರ ಮಾರ್ಚ್ 31ರ ರಾತ್ರಿವರೆಗೆ ನಡೆಯುತ್ತದೆ. ಏಪ್ರಿಲ್ 1ರ ಬೆಳಗ್ಗೆ ಇಲ್ಲ.

ಫ್ಲೈಟ್ ರಿವ್ಯೂ ಕೂಡ ಹಾಗೇ, 24 ತಿಂಗಳು, ತಿಂಗಳ ಕೊನೆಯವರೆಗೆ. ಅದರಲ್ಲಿ ಕನಿಷ್ಠ 1 ಗಂಟೆ ನೆಲದ ಪಾಠ, 1 ಗಂಟೆ ಹಾರಾಟ. ಕೊನೆಗೆ ಇನ್‌ಸ್ಟ್ರಕ್ಟರ್ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ಹಾರಿದ್ದು ನಿಜ, ಪಾಠ ಆಗಿದ್ದೂ ನಿಜ, ಆದರೆ ಆ ನಾಲ್ಕು ಸಾಲು ಬರೆಯುವುದು ಇಬ್ಬರಿಗೂ ಮರೆತುಹೋಯಿತು, ಇಂಥದ್ದು ಆಗುತ್ತದೆ. ಕ್ಲೇಮು ನೋಡುವವರಿಗೆ ಕಾಣಿಸುವುದು ಲಾಗ್‌ಬುಕ್ಕು ಮಾತ್ರ.

ಬೇಸಿಕ್‌ಮೆಡ್ (ಮೆಡಿಕಲ್ ಸರ್ಟಿಫಿಕೇಟ್ ಇಲ್ಲದೆ ಹಾರಲು ಇರುವ ದಾರಿ) ಹಿಡಿದವರಿಗೆ ಲೆಕ್ಕ ಸ್ವಲ್ಪ ವಕ್ರ. ಆನ್‌ಲೈನ್ ಕೋರ್ಸು 24 ತಿಂಗಳಿಗೊಮ್ಮೆ, ತಿಂಗಳ ಕೊನೆಯ ಲೆಕ್ಕ. ಡಾಕ್ಟರ ತಪಾಸಣೆ 48 ತಿಂಗಳಿಗೊಮ್ಮೆ, ಅದು ತಾರೀಕಿನಿಂದ ತಾರೀಕಿಗೆ. ಜೂನ್ 10ಕ್ಕೆ ಮಾಡಿಸಿದ್ದರೆ ನಾಲ್ಕು ವರ್ಷದ ನಂತರದ ಜೂನ್ 30ರವರೆಗೆ ಸುಮ್ನೆ ಕೂರುವ ಹಾಗಿಲ್ಲ. ಎರಡು ಕಾಗದಕ್ಕೆ ಎರಡು ಲೆಕ್ಕ ಯಾಕೆ ಇಟ್ಟರೋ, ಇಟ್ಟವರನ್ನೇ ಕೇಳಬೇಕು.

ಒಂದು ಸಮಾಧಾನದ ವಿಷಯವೂ ಇದೆ. ಫಸ್ಟ್ ಕ್ಲಾಸ್ ಅಥವಾ ಸೆಕೆಂಡ್ ಕ್ಲಾಸ್ ಮೆಡಿಕಲ್ ಒಮ್ಮೆಲೇ ಸಾಯುವುದಿಲ್ಲ, ಮೆಟ್ಟಿಲು ಇಳಿಯುತ್ತದೆ. ದುಡಿಮೆಗಾಗಿ ಹಾರಿಸುವ ಅವಧಿ ಮುಗಿದ ಮೇಲೂ ಥರ್ಡ್ ಕ್ಲಾಸ್ ಅವಧಿ ಇರುವಷ್ಟು ದಿನ ಸ್ವಂತ ಖುಷಿಗೆ ಹಾರಿಸಬಹುದು. ಫ್ಲೈಟ್ ರಿವ್ಯೂಗೂ ಹಿಂಬಾಗಿಲಿದೆ. ಈ 24 ತಿಂಗಳಲ್ಲಿ ಹೊಸ ರೇಟಿಂಗಿಗೆ ಎಕ್ಸಾಮಿನರ್ ಮುಂದೆ ಪ್ರಾಕ್ಟಿಕಲ್ ಪಾಸಾಗಿದ್ದರೆ, ಇಲ್ಲವೇ ಎಫ್‌ಎಎಯ ವಿಂಗ್ಸ್ ಅನ್ನುವ ಪೈಲಟ್ ತರಬೇತಿ ಕಾರ್ಯಕ್ರಮದ ಒಂದು ಹಂತ ಮುಗಿಸಿದ್ದರೆ, ಬೇರೆ ರಿವ್ಯೂ ಬೇಕಿಲ್ಲ. ಹಾಗಾಗಿ 'ಅವಧಿ ಮೀರಿತ್ತು' ಅಂತ ನೀವೇ ಕಂಪನಿಗೆ ಬರೆದುಕೊಡುವ ಮೊದಲು ಲಾಗ್‌ಬುಕ್ ಪೂರ್ತಿ ತಿರುವಿ ನೋಡಿ.

ಪ್ರಶ್ನೆ: ನಮ್ಮ ವಿಮಾನ ಇಳಿಯುವಾಗ ಚಕ್ರದ ಕಾಲು ಮುರಿಯಿತು. ಮೆಕ್ಯಾನಿಕ್ ನೋಡಿ ಲೋಹ ಬಿರುಕು ಬಿಟ್ಟಿತ್ತು ಅಂದ. ಪೈಲಟ್‌ಗೆ ಮೆಡಿಕಲ್ ಅವಧಿ ಮುಗಿದಿತ್ತು ನಿಜ, ಆದರೆ ಅವನ ಆರೋಗ್ಯಕ್ಕೂ ಬಿರುಕಿಗೂ ಏನು ಸಂಬಂಧ? ಇದನ್ನೇ ನೆಪ ಮಾಡಿ ಕ್ಲೇಮು ಕೊಡಲ್ಲ ಅನ್ನಬಹುದಾ?

ಉತ್ತರ: ಅನ್ನಬಹುದು, ಅನ್ನುತ್ತಾರೆ. ಅದು ನಿಲ್ಲುತ್ತಾ ಅನ್ನೋದು ನೀವು ಯಾವ ರಾಜ್ಯದಲ್ಲಿದ್ದೀರಿ ಅನ್ನೋದರ ಮೇಲೆ ಹೋಗುತ್ತದೆ.

ಅಮೆರಿಕದಲ್ಲಿ ಇನ್ಶೂರೆನ್ಸ್ ಕಾನೂನು ರಾಜ್ಯಕ್ಕೊಂದು. ಟೆಕ್ಸಾಸ್‌ನ ಸುಪ್ರೀಂ ಕೋರ್ಟು 1984ರಲ್ಲಿ ಪಕೆಟ್ ಅನ್ನುವ ಕೇಸಿನಲ್ಲಿ ಮಾಲೀಕರ ಪರ ತೀರ್ಪು ಕೊಟ್ಟಿತು. ಅಲ್ಲಿ ಮುಗಿದಿದ್ದು ಮೆಡಿಕಲ್ ಅಲ್ಲ, ವಿಮಾನದ ವಾರ್ಷಿಕ ತಪಾಸಣೆ. ಅಪಘಾತ ಆಗಿದ್ದು ಪೈಲಟ್‌ನ ತಪ್ಪಿನಿಂದ. ತಪಾಸಣೆ ಆಗದಿದ್ದದ್ದು ಅಪಘಾತಕ್ಕೆ ಕಾರಣವೇ ಅಲ್ಲದಿರುವಾಗ, ಅದನ್ನು ಮುಂದಿಟ್ಟು ಕಂಪನಿ ಕೈತೊಳೆದುಕೊಳ್ಳುವ ಹಾಗಿಲ್ಲ ಅಂದಿತು ಕೋರ್ಟು. ನಿಮ್ಮ ವಾದವೂ ಇದೇ ಅಲ್ವಾ. ಆದರೆ ಬೇರೆ ಹಲವು ರಾಜ್ಯಗಳ ಕೋರ್ಟುಗಳು ಇದನ್ನು ಒಪ್ಪಿಲ್ಲ. ಅವು ಹೇಳುವುದು ಹೀಗೆ: ಇದು ಕಂಪನಿ ಮೊದಲೇ ಹಾಕಿದ ಗಡಿ, ಮೆಡಿಕಲ್ ಇಲ್ಲದ ಪೈಲಟ್‌ನ ಅಪಾಯವನ್ನು ಅದು ಹೊತ್ತುಕೊಂಡೇ ಇರಲಿಲ್ಲ, ಹಾಗಿರುವಾಗ ಕಾರಣದ ಪ್ರಶ್ನೆ ಎಲ್ಲಿಂದ ಬಂತು? ಕೇಳಿದರೆ ಕಟುಕ ಮಾತು ಅನ್ನಿಸುತ್ತದೆ, ಆದರೆ ತರ್ಕ ಸುಳ್ಳಲ್ಲ. ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನೇ ಬಂದಿದೆ. 2015ರ ಇನ್ಶೂರೆನ್ಸ್ ಕಾಯ್ದೆ 2016ರ ಆಗಸ್ಟ್ 12ರಿಂದ ಜಾರಿಯಲ್ಲಿದೆ, ಅದರ 11ನೇ ಸೆಕ್ಷನ್ ಪ್ರಕಾರ ಷರತ್ತು ಮುರಿದದ್ದರಿಂದ ಆ ನಷ್ಟದ ಅಪಾಯ ಹೆಚ್ಚಾಗುವ ಸಾಧ್ಯತೆಯೇ ಇರಲಿಲ್ಲ ಅಂತ ತೋರಿಸಿದರೆ ಕಂಪನಿ ಆ ಷರತ್ತಿನ ಹಿಂದೆ ಅಡಗಿಕೊಳ್ಳುವಂತಿಲ್ಲ. ಆದರೆ ಯಾವ ಅಪಾಯಕ್ಕೆ ವಿಮೆ ಅನ್ನುವುದನ್ನೇ ಒಟ್ಟಾರೆ ನಿರ್ಧರಿಸುವ ಷರತ್ತುಗಳನ್ನು ಆ ಸೆಕ್ಷನ್ ಹೊರಗಿಟ್ಟಿದೆ, ಹಾಗಾಗಿ ಅಲ್ಲೂ ವಕೀಲರಿಗೆ ಕೆಲಸ ತಪ್ಪಿಲ್ಲ.

ನಿಮಗೆ ಈಗ ಬೇಕಾದ್ದು ಎರಡು. ಮುರಿದ ಭಾಗವನ್ನು ಎಸೆಯಬೇಡಿ, ಮಾರಬೇಡಿ, ಹ್ಯಾಂಗರ್‌ನ ಮೂಲೆಯಲ್ಲಿ ಹಾಗೇ ಇಡಿ. ಬಿರುಕಿನ ಕಥೆಗೆ ಅದೇ ಸಾಕ್ಷಿ. ಕಂಪನಿಯಿಂದ 'ನಮ್ಮ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ತನಿಖೆ ಮಾಡುತ್ತೇವೆ' ಅಂತ ಪತ್ರ ಬಂದರೆ ಅದು ಇನ್ನೂ ನಿರಾಕರಣೆ ಅಲ್ಲ, ಆದರೆ ಸೌಜನ್ಯದ ಪತ್ರವೂ ಅಲ್ಲ. ಅದು ಬಂದ ದಿನವೇ ಏವಿಯೇಷನ್ ಇನ್ಶೂರೆನ್ಸ್ ಗೊತ್ತಿರುವ ವಕೀಲರನ್ನು ನೋಡಿ. ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಅಡ್ಜಸ್ಟರ್ ಜೊತೆ ಗಂಟೆಗಟ್ಟಲೆ ಮಾತಾಡಿ ಮುಗಿಸಿದ ಮೇಲಲ್ಲ.

ಪ್ರಶ್ನೆ: ಆಪರೇಷನ್ ಆಗಿದ್ದರಿಂದ ಆರು ತಿಂಗಳು ಹಾರಿಸುವ ಹಾಗಿಲ್ಲ. ಮೆಡಿಕಲ್ ಕೂಡ ಮುಗಿದಿದೆ. ವಿಮಾನ ಹ್ಯಾಂಗರ್‌ನಲ್ಲೇ ಇದೆ. ಗಾಳಿ ಮಳೆಗೆ ಏನಾದರೂ ಆದರೆ ವಿಮೆ ಸಿಗುತ್ತಾ, ಇಲ್ಲಾ ಸುಮ್ನೆ ದುಡ್ಡು ಕಟ್ತಾ ಇದ್ದೀನಾ?

ಉತ್ತರ: ಸಿಗುತ್ತದೆ. ಪೈಲಟ್ ಷರತ್ತು ಕೇಳುವುದು ಹಾರಿಸುತ್ತಿದ್ದವರು ಯಾರು ಅಂತ. ನಿಂತ ವಿಮಾನದ ಮೇಲೆ ಆಲಿಕಲ್ಲು ಬಿದ್ದರೆ, ಹ್ಯಾಂಗರ್‌ನ ಚಾವಣಿ ಕುಸಿದರೆ, ಕಳ್ಳರು ರೇಡಿಯೋ ಕಿತ್ತುಕೊಂಡು ಹೋದರೆ ಅಲ್ಲಿ ಪೈಲಟ್ ಅನ್ನುವವರೇ ಇಲ್ಲ.

ಹುಷಾರಾಗಿರಬೇಕಾದ್ದು ನಡುವಿನ ಜಾಗದಲ್ಲಿ. ಪಾಲಿಸಿಗಳಲ್ಲಿ ಸಾಮಾನ್ಯವಾಗಿ 'ಹಾರಾಟದಲ್ಲಿ' ಅಂದರೆ ಟೇಕಾಫ್ ಓಟ ಶುರುವಾದಾಗಿನಿಂದ ಇಳಿದು ಓಟ ಮುಗಿಯುವವರೆಗೆ. 'ಚಲನೆಯಲ್ಲಿ' ಅಂದರೆ ಸ್ವಂತ ಎಂಜಿನ್ ಬಲದಿಂದ ಉರುಳುತ್ತಿರುವಾಗ. ಎಂಜಿನ್ ಜಡ್ಡುಗಟ್ಟಬಾರದು ಅಂತ ಸ್ಟಾರ್ಟ್ ಮಾಡಿ ಪೆಟ್ರೋಲ್ ಬಂಕಿನವರೆಗೆ ಟ್ಯಾಕ್ಸಿ ಮಾಡಿಕೊಂಡು ಹೋಗಿ ಬರೋಣ ಅನ್ನಿಸುತ್ತದೆ. ರೆಕ್ಕೆಯ ತುದಿ ಕಂಬಕ್ಕೆ ತಗುಲಿದರೆ? ನಿಮ್ಮ ಪಾಲಿಸಿಯ ಪೈಲಟ್ ಷರತ್ತು ಹಾರಾಟಕ್ಕೆ ಮಾತ್ರ ಬರೆದಿದೆಯಾ, ಉರುಳುವುದಕ್ಕೂ ಬರೆದಿದೆಯಾ ಅಂತ ನೋಡದೆ ಆ ಕೆಲಸ ಬೇಡ. ಕೈಯಿಂದ ಎಳೆಯುವ ಟೋ ಬಾರ್ ಇದೆಯಲ್ಲ, ಅದೇ ವಾಸಿ.

ಆರು ತಿಂಗಳು ಅಂತ ಖಚಿತವಾಗಿದ್ದರೆ ಪಾಲಿಸಿಯನ್ನು ಆ ಅವಧಿಗೆ ನೆಲದ ರಕ್ಷಣೆಗೆ ಇಳಿಸಿ ಅಂತ ಬ್ರೋಕರ್‌ಗೆ ಹೇಳಿ. ಪ್ರೀಮಿಯಂನಲ್ಲಿ ಸ್ವಲ್ಪ ವಾಪಸ್ ಬರಬಹುದು. ಮತ್ತೆ ಹಾರುವ ಮುಂಚೆ ಮೊದಲಿನಂತೆ ಮಾಡಿಸಲು ಮರೆತರೆ ಮಾತ್ರ ಕಥೆ ಮುಗಿಯಿತು.

ಪ್ರಶ್ನೆ: ನನ್ನ ಫ್ಲೈಟ್ ರಿವ್ಯೂ ಮುಗಿದಿದೆ. ಹೊಸದು ಮಾಡಿಸಿಕೊಳ್ಳಬೇಕಾದರೆ ಹಾರಲೇಬೇಕಲ್ಲ! ಆ ಹಾರಾಟಕ್ಕೆ ವಿಮೆ ಇರುತ್ತಾ?

ಉತ್ತರ: ಇರಬಹುದು, ಆದರೆ ಅದು ನಿಮ್ಮಿಂದಲ್ಲ, ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್‌ನಿಂದ. ಆ ಹೊತ್ತಿಗೆ ಪೈಲಟ್ ಇನ್ ಕಮಾಂಡ್ ಅವರೇ. ಕೈ ನಿಮ್ಮದಾದರೂ ಜವಾಬ್ದಾರಿ ಅವರದು. ನಿಮಗೆ ಮೆಡಿಕಲ್ ಕೂಡ ಇಲ್ಲದಿದ್ದರೂ ಅವರು ಕಮಾಂಡ್ ತೆಗೆದುಕೊಂಡರೆ ಪಾಠ ನಡೆಯುತ್ತದೆ. ಆಗ ಅವರ ಮೆಡಿಕಲ್ ಚಾಲ್ತಿಯಲ್ಲಿರಬೇಕು, ಇಲ್ಲವೇ ಅವರು ಬೇಸಿಕ್‌ಮೆಡ್‌ನಲ್ಲಿರಬೇಕು.

ಹಾಗಾಗಿ ಪ್ರಶ್ನೆ ಈಗ ಹೀಗಾಗುತ್ತದೆ: ನಿಮ್ಮ ಪಾಲಿಸಿ ಆ ಇನ್‌ಸ್ಟ್ರಕ್ಟರ್‌ನನ್ನು ಒಪ್ಪುತ್ತದಾ? ಅವರು ಓಪನ್ ಪೈಲಟ್ ಷರತ್ತಿನ ಗಂಟೆಗಳನ್ನು ಮುಟ್ಟಬೇಕು, ಇಲ್ಲವೇ ಅವರ ಹೆಸರು ಸೇರಿಸಬೇಕು. ಇನ್‌ಸ್ಟ್ರಕ್ಟರ್ ಅಂದ ಮಾತ್ರಕ್ಕೆ ಗಂಟೆ ಜಾಸ್ತಿ ಇರುತ್ತದೆ ಅಂತ ಊಹಿಸಬೇಡಿ. ಚಕ್ರ ಒಳಗೆ ಮಡಚಿಕೊಳ್ಳುವ ವಿಮಾನ ನಿಮ್ಮದಾದರೆ, ಆ ಮಾದರಿಯನ್ನು ಮುಟ್ಟೇ ಇಲ್ಲದ ಇನ್‌ಸ್ಟ್ರಕ್ಟರ್‌ಗಳೂ ಇದ್ದಾರೆ. ಅವರ ಕಡೆಯಿಂದಲೂ ಒಂದು ಮಾತು ಹೇಳಿಬಿಡುತ್ತೇನೆ: ನಿಮ್ಮ ಪಾಲಿಸಿ ನಿಮ್ಮನ್ನು ಕಾಪಾಡುವ ಹಾಗೆ ಅವರನ್ನು ಕಾಪಾಡುವುದಿಲ್ಲ. ಕಂಪನಿ ನಿಮಗೆ ಹಣ ಕೊಟ್ಟು ಆಮೇಲೆ ಅವರ ಮೇಲೆ ವಸೂಲಿಗೆ ಹೋಗಬಹುದು. ಬುದ್ಧಿವಂತ ಇನ್‌ಸ್ಟ್ರಕ್ಟರ್‌ಗಳು ಹತ್ತುವ ಮೊದಲೇ ಈ ವಸೂಲಿ ಹಕ್ಕನ್ನು ಬಿಟ್ಟುಕೊಡುವ ಕಾಗದ ಕೇಳುತ್ತಾರೆ. ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ತರಿಸಿಕೊಡಿ.

ಪ್ರಶ್ನೆ: ಇನ್‌ಸ್ಟ್ರಕ್ಟರ್ ನನ್ನ ಗೆಳೆಯನೇ. ಏನಾದರೂ ಆದರೆ ಹಿಂದಿನ ತಾರೀಕು ಹಾಕಿ ರಿವ್ಯೂ ಬರೆದುಕೊಡ್ತೀನಿ ಅಂತಾನೆ. ನಡೆಯುತ್ತಾ?

ಉತ್ತರ: ಗೆಳೆತನ ಉಳಿಸಿಕೊಳ್ಳಿ, ಈ ಮಾತು ಮರೆತುಬಿಡಿ. ಲಾಗ್‌ಬುಕ್ಕಿನಲ್ಲಿ ಸುಳ್ಳು ಬರೆದದ್ದು ಸಿಕ್ಕಿಬಿದ್ದರೆ ನಿಮ್ಮಿಬ್ಬರ ಲೈಸೆನ್ಸೂ ಎಫ್‌ಎಎ ಕಿತ್ತುಕೊಳ್ಳಬಹುದು. ಕ್ಲೇಮಿನಲ್ಲಿ ಅದನ್ನೇ ತೋರಿಸಿದರೆ ಅದು ಇನ್ಶೂರೆನ್ಸ್ ಮೋಸ, ಆ ಮೇಲೆ ಕಾರಣ ಸಂಬಂಧ ಅಂತ ಯಾವ ವಾದವೂ ಕೋರ್ಟಿನಲ್ಲಿ ಉಳಿಯಲ್ಲ. ಆ ದಿನ ಅವರು ಎಲ್ಲಿದ್ದರು, ವಿಮಾನದ ಮೀಟರು ಎಷ್ಟು ತೋರಿಸುತ್ತಿತ್ತು, ಪೆಟ್ರೋಲ್ ರಸೀದಿ ಏನು ಹೇಳುತ್ತದೆ, ಇವನ್ನೆಲ್ಲ ತಾಳೆ ನೋಡುವುದೇ ಅಡ್ಜಸ್ಟರ್ ಕಸುಬು.

ಪ್ರಶ್ನೆ: ನನ್ನ ಮೆಡಿಕಲ್ ಇನ್ನೂ ಒಂದು ವರ್ಷ ಇದೆ. ಆದರೆ ಡಾಕ್ಟರು ಬಿಪಿಗೆ ಹೊಸ ಮಾತ್ರೆ ಬರೆದಿದ್ದಾರೆ, ಅಲರ್ಜಿಗೂ ಆಗಾಗ ಒಂದು ತಗೋತೀನಿ. ಕಾಗದ ಚಾಲ್ತಿಯಲ್ಲಿದ್ದರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ನನ್ನ ಪ್ರಕಾರ ಈ ಸಲದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ತಾರೀಕು ಮುಗಿದದ್ದು ಯಾರಿಗೂ ಕಾಣುತ್ತದೆ, ಇದು ಕಾಣುವುದಿಲ್ಲ.

ಎಫ್‌ಎಎ ನಿಯಮ 61.53 ಹೇಳುವುದು ಸರಳ. ಜೇಬಿನಲ್ಲಿ ಸರ್ಟಿಫಿಕೇಟ್ ಇದ್ದರೂ, ಅದನ್ನು ಪಡೆಯಲು ಅಡ್ಡಿಯಾಗುವಂಥ ಕಾಯಿಲೆ ನಿಮಗಿದೆ ಅಂತ ಗೊತ್ತಿದ್ದರೆ, ಅಥವಾ ಅಂಥ ಔಷಧ ತೆಗೆದುಕೊಳ್ಳುತ್ತಿದ್ದರೆ, ಹಾರಬಾರದು. ಬಿಪಿ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಎಫ್‌ಎಎ ಒಪ್ಪಿಗೆ ಇದೆ, ಏವಿಯೇಷನ್ ಮೆಡಿಕಲ್ ಎಕ್ಸಾಮಿನರ್‌ಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ತೊಂದರೆ ಇರುವುದು ಅಲರ್ಜಿ ಮಾತ್ರೆಯಲ್ಲಿ. ಚೀಟಿಯೇ ಬೇಡ, ಯಾವ ಅಂಗಡಿಯಲ್ಲೂ ಸಿಗುತ್ತದೆ, ಹಾಗಾಗಿ ಔಷಧ ಅಂತಲೇ ಅನ್ನಿಸುವುದಿಲ್ಲ. ಅದರಲ್ಲಿ ಡೈಫೆನ್‌ಹೈಡ್ರಮೀನ್ ಇದ್ದರೆ ಕೊನೆಯ ಮಾತ್ರೆಯ ನಂತರ 60 ಗಂಟೆ ಹಾರಬೇಡಿ ಅನ್ನುತ್ತದೆ ಎಫ್‌ಎಎ. ಅಂದರೆ ಎರಡೂವರೆ ದಿನ! ನಿದ್ದೆಗೆಂದು ಮಾರುವ ಮಾತ್ರೆಗಳಲ್ಲೂ, ನೆಗಡಿ ಸಿರಪ್ಪುಗಳಲ್ಲೂ ಇದೇ ಅಡಗಿರುತ್ತದೆ, ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ.

ಪೈಲಟ್ ಸತ್ತ ಅಪಘಾತಗಳಲ್ಲಿ ರಕ್ತ ಪರೀಕ್ಷೆ ಆಗುತ್ತದೆ, ವರದಿ ಸಾರ್ವಜನಿಕವಾಗುತ್ತದೆ, ಇನ್ಶೂರೆನ್ಸ್ ಕಂಪನಿಯೂ ಓದುತ್ತದೆ. 'ಚಾಲ್ತಿ ಮೆಡಿಕಲ್' ಅಂತ ಮಾತ್ರ ಬರೆದ ಪಾಲಿಸಿಯಾದರೆ ಕುಟುಂಬದವರ ವಾದಕ್ಕೆ ಬಲ ಇದೆ, ಕಾಗದ ಚಾಲ್ತಿಯಲ್ಲೇ ಇತ್ತಲ್ಲ. 'ನಿಯಮದ ಪ್ರಕಾರ ಅರ್ಹ' ಅಂತ ಬರೆದಿದ್ದರೆ ವಾದ ಬಹಳ ಕಷ್ಟ. ಮೆಡಿಕಲ್ ಅರ್ಜಿಯಲ್ಲೋ ಇನ್ಶೂರೆನ್ಸ್ ಅರ್ಜಿಯಲ್ಲೋ ಕಾಯಿಲೆ ಮುಚ್ಚಿಟ್ಟಿದ್ದು ಹೊರಬಂದರೆ ಅದು ಇನ್ನೂ ದೊಡ್ಡ ಸಂಗತಿ. ಆಗ ಒಂದು ಹಾರಾಟವಲ್ಲ, ಇಡೀ ಪಾಲಿಸಿಯನ್ನೇ ಮೊದಲಿನಿಂದ ಇಲ್ಲ ಅನ್ನಿಸಲು ಕಂಪನಿ ಪ್ರಯತ್ನಿಸಬಹುದು.

ಪ್ರಶ್ನೆ: ವಿಮಾನ ನಾವು ಇಬ್ಬರು ಸೇರಿ ತಗೊಂಡಿದ್ದು, ಬ್ಯಾಂಕ್ ಸಾಲವೂ ಇದೆ. ನನ್ನದೆಲ್ಲ ಸರಿ ಇದೆ. ಪಾಲುದಾರನ ಮೆಡಿಕಲ್ ಮುಗಿದಿದ್ದು, ಅವನು ಹಾರಿಸಿ ಬೀಳಿಸಿದರೆ ನನ್ನ ಪಾಲು?

ಉತ್ತರ: ನಿಮ್ಮ ಪಾಲೂ ಅಪಾಯದಲ್ಲೇ. ಷರತ್ತು ಹಾರಿಸುತ್ತಿದ್ದವರಿಗೆ ಅಂಟಿಕೊಂಡಿರುತ್ತದೆ, ಮಾಲೀಕರು ಎಷ್ಟು ಜನ ಅನ್ನೋದನ್ನು ಅದು ಕೇಳಲ್ಲ.

ಬ್ಯಾಂಕಿನವರು ಮಾತ್ರ ಇದನ್ನು ಮೊದಲೇ ಯೋಚಿಸಿರುತ್ತಾರೆ. ಸಾಲದ ಕಾಗದದಲ್ಲಿ 'ಬ್ರೀಚ್ ಆಫ್ ವಾರಂಟಿ' ಅನ್ನುವ ಸೇರ್ಪಡೆ ಕೇಳಿರುತ್ತಾರೆ, ನೋಡಿ. ಅದಿದ್ದರೆ ಪೈಲಟ್ ಷರತ್ತು ಮುರಿದಿದ್ದರೂ ಬ್ಯಾಂಕಿನ ಬಾಕಿಯನ್ನು ಕಂಪನಿ ಕೊಡುತ್ತದೆ. ಅಬ್ಬಾ, ಸಾಲ ತೀರಿತು ಅಂತ ಉಸಿರು ಬಿಡಬೇಡಿ. ಬ್ಯಾಂಕಿಗೆ ಕೊಟ್ಟದ್ದನ್ನು ಕಂಪನಿ ಆಮೇಲೆ ನಿಮ್ಮಿಂದಲೇ ಕೇಳಬಹುದು. ಆ ರಕ್ಷಣೆ ಬ್ಯಾಂಕಿಗೆ, ಪ್ರೀಮಿಯಂ ಕಟ್ಟಿದ್ದು ನೀವಾದರೂ.

ಪಾಲುದಾರಿಕೆಯ ಒಪ್ಪಂದದಲ್ಲಿ ಒಂದು ಸಾಲು ಹಾಕಿ: ಮೆಡಿಕಲ್, ರಿವ್ಯೂ ಪ್ರತಿ ಇನ್ನೊಬ್ಬರಿಗೆ ಕೊಡದೆ ಕೀ ಇಲ್ಲ. ಮುಜುಗರ ಅನ್ನಿಸಿದರೆ ನನ್ನ ಮೇಲೆ ಹಾಕಿ, ಪತ್ರಿಕೆಯಲ್ಲಿ ಹಾಗೆ ಬರೆದಿದ್ದರು ಅಂತ.

ಪ್ರಶ್ನೆ: ಮೆಡಿಕಲ್ ಬಿಟ್ಟು ಬೇಸಿಕ್‌ಮೆಡ್‌ಗೆ ಬಂದಿದ್ದೇನೆ. ಬ್ರೋಕರ್ ಫೋನಿನಲ್ಲಿ 'ಏನೂ ತೊಂದರೆ ಇಲ್ಲ' ಅಂದರು. ನಂಬಬಹುದಾ?

ಉತ್ತರ: ಅವರು ಹೇಳಿದ್ದು ನಿಜವೇ ಇರಬಹುದು. ಬೇಸಿಕ್‌ಮೆಡ್ 2017ರ ಮೇ 1ರಿಂದ ಇದೆ, ಹೆಚ್ಚಿನ ಕಂಪನಿಗಳು ಒಪ್ಪಿಕೊಂಡಿವೆ. ಆದರೆ ಹಳೆ ಪಾಲಿಸಿಯಲ್ಲಿ 'ಮೆಡಿಕಲ್ ಸರ್ಟಿಫಿಕೇಟ್' ಅಂತಲೇ ಇದ್ದರೆ, ಬೇಸಿಕ್‌ಮೆಡ್ ಸರ್ಟಿಫಿಕೇಟ್ ಅಲ್ಲ, ಅದು ಸರ್ಟಿಫಿಕೇಟ್ ಇಲ್ಲದೆ ಹಾರಲು ಇರುವ ದಾರಿ. ಈ ಸಣ್ಣ ಜಾಗದಲ್ಲಿ ಜಗಳ ಹುಟ್ಟುತ್ತದೆ. ವಯಸ್ಸು 70 ದಾಟಿದವರಿಗೆ ಕೆಲವು ಕಂಪನಿಗಳು ಮೆಡಿಕಲ್ಲೇ ಬೇಕು ಅನ್ನುವುದೂ ಉಂಟು. ಫೋನಿನ ಮಾತು ಕ್ಲೇಮಿನ ಫೈಲಿಗೆ ಹೋಗುವುದಿಲ್ಲ. ಬ್ರೋಕರ್‌ಗೆ ಇವತ್ತೇ ಒಂದು ಮೇಲ್ ಹಾಕಿ: 'ನಾನು ಈ ತಾರೀಕಿನಿಂದ ಬೇಸಿಕ್‌ಮೆಡ್‌ನಲ್ಲಿ ಹಾರಿಸುತ್ತಿದ್ದೇನೆ. ನನ್ನ ಪಾಲಿಸಿಯ ಪೈಲಟ್ ಷರತ್ತಿಗೆ ಇದು ಸಾಕು ಅಂತ ಕಂಪನಿಯಿಂದಲೇ ಬರೆಸಿಕೊಡಿ, ಸಾಲದಿದ್ದರೆ ಷರತ್ತು ತಿದ್ದಿದ ಹಾಳೆ ಕಳಿಸಿ.' ಉತ್ತರ ಕಂಪನಿಯಿಂದ ಬರಬೇಕು, ಬ್ರೋಕರ್‌ನಿಂದಲ್ಲ. ಅದು ಬರುವವರೆಗೆ ವಿಮಾನ ಹ್ಯಾಂಗರ್‌ನಲ್ಲೇ ಇರಲಿ.